ಎಣಿಕೆ ಬದಲಿಸಿದ ಢಾಕಾದ ಮಾಸ್ತರ್

ಎಂ.ಎಸ್ಸಿ. ಮುಗಿದಿತ್ತು. ಇಡೀ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ ಬಂದಿತ್ತು. ವಯಸ್ಸು 21, ಮದುವೆಯಾಗಿ ಒಂದು ವರ್ಷ. ಕೆಲಸ ಮಾತ್ರ ಇರಲಿಲ್ಲ. 1915ರಲ್ಲಿ ಸತ್ಯೇಂದ್ರನಾಥ ಬೋಸ್ ಅವರ ಸ್ಥಿತಿ ಇದು. ಬೀದರ್‌ನ ಗ್ರಂಥಾಲಯದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ಓದುತ್ತ ಕೂರುವ ನಮ್ಮ ಅಣ್ಣಂದಿರಿಗೆ, ಅಕ್ಕಂದಿರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೋಸ್ ಹೆಸರು ನಾವು ಯಾರೂ ಕೇಳದ್ದಲ್ಲ. ಬೋಸಾನ್ ಎಂಬ ಪದ ಯಾರ ಹೆಸರಿನಿಂದ ಬಂತು ಎನ್ನುವುದು ಕ್ವಿಜ್‌ನಲ್ಲಿ ಒಂದು ಅಂಕದ ಪ್ರಶ್ನೆ. ನನಗೂ ಅಷ್ಟೇ ಗೊತ್ತಿತ್ತು. ಬಿ.ಇ. ಮೂರನೇ ವರ್ಷದಲ್ಲಿ ಕ್ವಾಂಟಂ ಕಂಪ್ಯೂಟರ್ ಬಗ್ಗೆ ಸೆಮಿನಾರ್ ಕೊಡಬೇಕಾಗಿ ಬಂದು ಹುಡುಕತೊಡಗಿದಾಗ, ಅತಿ ತಣ್ಣನೆಯ ಪರಮಾಣುಗಳು, ಎರಡು ಕನ್ನಡಿಗಳ ನಡುವೆ ಸಿಕ್ಕಿಹಾಕಿಕೊಂಡ ಬೆಳಕು, ಟೋಪಾಲಜಿ ಹೀಗೆ ಅರ್ಥವಾಗದ ಒಂದೊಂದೇ ವಿಷಯ ಎದುರಾಯಿತು. ಪ್ರತಿಯೊಂದರ ಬೇರು ಹುಡುಕಿ ಹಿಂದೆ ಹಿಂದೆ ಹೋದರೆ ದಾರಿ 1924ರ ಢಾಕಾದಲ್ಲಿ, ಒಬ್ಬ ಮಾಸ್ತರರ ಮುಂದೆ ಹೋಗಿ ನಿಲ್ಲುತ್ತಿತ್ತು. ಆಮೇಲೆ ಸೆಮಿನಾರ್ ಬಿಟ್ಟು ಅವರ ಜೀವನವನ್ನೇ ಓದತೊಡಗಿದೆ.

ಬೋಸ್ ಹುಟ್ಟಿದ್ದು 1894ರ ಜನವರಿ 1ರಂದು, ಕಲ್ಕತ್ತಾದಲ್ಲಿ. ತಂದೆ ಸುರೇಂದ್ರನಾಥರು ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ನೌಕರರು. ತಾಯಿ ಆಮೋದಿನಿ ದೇವಿ. ಏಳು ಮಕ್ಕಳಲ್ಲಿ ಇವರೇ ಹಿರಿಯರು, ಉಳಿದ ಆರೂ ಜನ ತಂಗಿಯರು. ತಂದೆ ಕೆಲಸಕ್ಕೆ ಹೊರಡುವ ಮೊದಲು ನೆಲದ ಮೇಲೆ ಲೆಕ್ಕ ಬರೆದಿಟ್ಟು ಹೋಗುತ್ತಿದ್ದರಂತೆ, ಸಂಜೆ ಬರುವಷ್ಟರಲ್ಲಿ ಹುಡುಗ ಬಿಡಿಸಿಟ್ಟಿರುತ್ತಿದ್ದನಂತೆ. ಹಿಂದೂ ಶಾಲೆಯಲ್ಲಿ ಗಣಿತದ ಮಾಸ್ತರರು ನೂರಕ್ಕೆ ನೂರಹತ್ತು ಅಂಕ ಕೊಟ್ಟ ಕಥೆಯೂ ಪ್ರಸಿದ್ಧ. ಒಂದೇ ಲೆಕ್ಕವನ್ನು ಎರಡು ಮೂರು ರೀತಿಯಲ್ಲಿ ಬಿಡಿಸಿದ್ದಕ್ಕೆ ಹೆಚ್ಚುವರಿ ಹತ್ತು. ನಮ್ಮ ವ್ಯಾಲ್ಯುಯೇಶನ್‌ನಲ್ಲಿ ಬೇರೆ ವಿಧಾನದಲ್ಲಿ ಬಿಡಿಸಿದರೆ ಇರುವ ಅಂಕವೂ ಉಳಿಯುವುದು ಕಷ್ಟ, ಇರಲಿ.

1909ರಲ್ಲಿ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಐದನೇ ಸ್ಥಾನ ಪಡೆದು ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅಂಥವರು ಪಾಠ ಹೇಳುತ್ತಿದ್ದರು. ಢಾಕಾ ಕಡೆಯ ಹಳ್ಳಿಯ ಬಡ ಮನೆಯಿಂದ ಬಂದ ಮೇಘನಾದ ಸಹಾ ಸಹಪಾಠಿಯಾದರು. 1915ರ ಎಂ.ಎಸ್ಸಿ.ಯಲ್ಲಿ ಬೋಸ್ ಮೊದಲನೆಯವರು, ಸಹಾ ಎರಡನೆಯವರು. ಇಬ್ಬರಿಗೂ ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಬೋಸ್ ಸ್ವಲ್ಪ ಕಾಲ ಮನೆಪಾಠ ಹೇಳಿಕೊಂಡಿದ್ದರು.

ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಆಶುತೋಷ್ ಮುಖರ್ಜಿ ಆಗ ಹೊಸದಾಗಿ ವಿಜ್ಞಾನ ಕಾಲೇಜು ತೆರೆದಿದ್ದರು. ಗಣಿತ ಓದಿದ್ದ ಈ ಇಬ್ಬರು ಹುಡುಗರನ್ನು ಕರೆದು, ಹೊಸ ಭೌತಶಾಸ್ತ್ರ ಕಲಿಸಿ ಎಂದರು. ಕಲಿಸುವುದಕ್ಕೆ ಮೊದಲು ಇವರೇ ಕಲಿಯಬೇಕಿತ್ತು. ಮೊದಲ ಮಹಾಯುದ್ಧ ನಡೆಯುತ್ತಿತ್ತು, ಜರ್ಮನಿಯಿಂದ ಪುಸ್ತಕ, ಪತ್ರಿಕೆ ಯಾವುದೂ ಬರುತ್ತಿರಲಿಲ್ಲ. ಹೊಸ ಭೌತಶಾಸ್ತ್ರ ಬಹುಪಾಲು ಜರ್ಮನ್ ಭಾಷೆಯಲ್ಲೇ ಇತ್ತು. ಆಗ ನೆರವಿಗೆ ಬಂದವರು ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬ್ರೂಲ್ ಎಂಬ ಜರ್ಮನ್ ಅಧ್ಯಾಪಕರು. ಅವರ ಸ್ವಂತ ಕಪಾಟಿನಲ್ಲಿ ಪ್ಲಾಂಕ್, ಬೋಲ್ಟ್ಸ್‌ಮನ್ ಬರೆದ ಪುಸ್ತಕಗಳಿದ್ದವು. ಅವನ್ನು ಎರವಲು ತಂದು, ಜರ್ಮನ್ ಕಲಿತು ಓದಿದರು. ಎಂಜಿನಿಯರಿಂಗ್ ಕಾಲೇಜಿನ ಒಂದು ಪುಸ್ತಕದ ಕಪಾಟು ಭಾರತದ ಕ್ವಾಂಟಂ ಭೌತಶಾಸ್ತ್ರಕ್ಕೆ ದಾರಿಯಾಯಿತು ಎನ್ನುವುದು ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ತುಂಬ ಖುಷಿ ಕೊಟ್ಟ ಸಂಗತಿ.

ಓದಿದ್ದನ್ನು ಅವರು ತಮ್ಮ ಬಳಿಯೇ ಇಟ್ಟುಕೊಳ್ಳಲಿಲ್ಲ. ಐನ್‌ಸ್ಟೈನ್, ಮಿಂಕೋವ್‌ಸ್ಕಿ ಬರೆದ ಸಾಪೇಕ್ಷತಾ ಸಿದ್ಧಾಂತದ ಮೂಲ ಲೇಖನಗಳನ್ನು ಬೋಸ್ ಮತ್ತು ಸಹಾ ಇಂಗ್ಲಿಷಿಗೆ ತಂದರು. 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನು ಪುಸ್ತಕವಾಗಿ ಅಚ್ಚು ಹಾಕಿತು. ಅಷ್ಟರಲ್ಲಿ ಇಬ್ಬರೂ ಸೇರಿ ಅನಿಲಗಳ ಬಗ್ಗೆ ಒಂದು ಸಂಶೋಧನಾ ಲೇಖನವನ್ನೂ ಪ್ರಕಟಿಸಿದ್ದರು.

1921ರಲ್ಲಿ ಢಾಕಾ ವಿಶ್ವವಿದ್ಯಾಲಯ ಶುರುವಾಯಿತು. ಬೋಸ್ ಅಲ್ಲಿ ರೀಡರ್ ಆಗಿ ಹೋದರು. ಕಲ್ಕತ್ತಾದಿಂದಲೇ ದೂರ, ಇನ್ನು ಬರ್ಲಿನ್, ಪ್ಯಾರಿಸ್‌ಗಳ ಮಾತು ಹೇಳುವುದೇ ಬೇಡ. ಬೆಂಗಳೂರಿನಿಂದ ಇಷ್ಟು ದೂರ ಕೂತು ಏನು ಮಾಡಲು ಸಾಧ್ಯ ಎಂದು ನಮ್ಮ ಹಾಸ್ಟೆಲ್‌ನಲ್ಲಿ ಆಗಾಗ ಮಾತಾಗುತ್ತದೆ. ಆಗೆಲ್ಲ ನನಗೆ ಢಾಕಾ ನೆನಪಾಗುತ್ತದೆ.

ಅಲ್ಲಿ ಎಂ.ಎಸ್ಸಿ. ಹುಡುಗರಿಗೆ ಪಾಠ ಮಾಡುವಾಗ ಒಂದು ಸೂತ್ರ ಬೋಸ್ ಅವರನ್ನು ಕಾಡಿತು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಹಳದಿ, ಕೊನೆಗೆ ಬಿಳಿಯ ಹತ್ತಿರ ಬರುತ್ತದೆ. ಯಾವ ಉಷ್ಣತೆಯಲ್ಲಿ ಯಾವ ಬಣ್ಣದ ಬೆಳಕು ಎಷ್ಟು ಹೊರಬರುತ್ತದೆ ಎನ್ನುವ ಸೂತ್ರವನ್ನು 1900ರಲ್ಲಿ ಪ್ಲಾಂಕ್ ಕೊಟ್ಟಿದ್ದರು. ಅದು ಪ್ರಯೋಗಕ್ಕೆ ಸರಿಯಾಗಿ ಹೊಂದುತ್ತಿತ್ತು. ಆದರೆ ಅದನ್ನು ತಲುಪುವ ದಾರಿ ಸರಿಯಿರಲಿಲ್ಲ. ಅರ್ಧ ದಾರಿ ಬೆಳಕು ಅಲೆ ಎಂದು ಹೋಗಬೇಕು, ಇನ್ನರ್ಧ ದಾರಿ ಬೆಳಕು ಕಣಗಳ ಗಂಟು ಎಂದು ಹೋಗಬೇಕು. ಹುಡುಗರಿಗೆ ಯಾವ ಮುಖ ಇಟ್ಟುಕೊಂಡು ಕಲಿಸುವುದು? ಗೊತ್ತಿದ್ದೂ ಗೊತ್ತಿಲ್ಲದಂತೆ ಬೋರ್ಡಿನ ಮೇಲೆ ಬರೆದು ಮುಂದೆ ಹೋಗಬಹುದಿತ್ತು. ಬೋಸ್ ಹೋಗಲಿಲ್ಲ. 1924ರಲ್ಲಿ ಸಹಾ ಢಾಕಾಕ್ಕೆ ಬಂದಾಗ ಈ ವಿಷಯದ ಹೊಸ ಲೇಖನಗಳ ಕಡೆ ಗೆಳೆಯನ ಗಮನ ಸೆಳೆದರು. ಅದಾದ ಮೇಲೆ ಬೋಸ್ ಅಲೆಯ ದಾರಿಯನ್ನು ಪೂರ್ತಿ ಬಿಟ್ಟರು. ಬೆಳಕನ್ನು ಕಣಗಳೆಂದೇ ಹಿಡಿದು, ಅವು ಇರಬಹುದಾದ ಸ್ಥಿತಿಗಳನ್ನು ಸಣ್ಣ ಸಣ್ಣ ಖಾನೆಗಳಾಗಿ ಮಾಡಿ, ಯಾವ ಖಾನೆಯಲ್ಲಿ ಎಷ್ಟು ಎಂದು ಎಣಿಸಿದರು. ಪ್ಲಾಂಕ್ ಸೂತ್ರ ತಾನಾಗಿ ಬಂತು.

ಆ ಎಣಿಕೆಯಲ್ಲೇ ಎಲ್ಲ ಇರುವುದು. ಎರಡು ನಾಣ್ಯ ಚಿಮ್ಮಿ. ಎರಡೂ ತಲೆ, ಎರಡೂ ಬಾಲ, ಮೊದಲನೆಯದು ತಲೆ ಎರಡನೆಯದು ಬಾಲ, ಮೊದಲನೆಯದು ಬಾಲ ಎರಡನೆಯದು ತಲೆ. ಒಟ್ಟು ನಾಲ್ಕು ಸಾಧ್ಯತೆ. ಎರಡೂ ತಲೆ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಪಿಯುಸಿಯಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇವೋ. ಆದರೆ ಎರಡು ನಾಣ್ಯಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲ, ಯಾವುದು ಮೊದಲನೆಯದು ಯಾವುದು ಎರಡನೆಯದು ಎಂದು ಗುರುತು ಹಾಕಲು ದೇವರಿಗೂ ಸಾಧ್ಯವಿಲ್ಲ ಎಂದುಕೊಳ್ಳಿ. ಆಗ ಒಂದು ತಲೆ ಒಂದು ಬಾಲ ಎನ್ನುವುದು ಎರಡು ಸಾಧ್ಯತೆಯಲ್ಲ, ಒಂದೇ. ಒಟ್ಟು ಮೂರಾಯಿತು. ಎರಡೂ ತಲೆ ಬೀಳುವ ಸಂಭವ ಮೂರರಲ್ಲಿ ಒಂದಾಯಿತು. ಅಂದರೆ ಇಂಥ ಕಣಗಳು ಒಂದೇ ಸ್ಥಿತಿಯಲ್ಲಿ ಗುಂಪುಗೂಡುವ ಸಂಭವ ಹೆಚ್ಚು. ನಮ್ಮ ಜೇಬಿನ ನಾಣ್ಯಗಳು ಹಾಗೆ ಮಾಡುವುದಿಲ್ಲ, ಬೆಳಕಿನ ಕಣಗಳು ಮಾಡುತ್ತವೆ.

ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ತಪ್ಪಿ ಅದರಿಂದ ಇದು ಸಿಕ್ಕಿತು ಎಂಬ ಕಥೆಯೊಂದು ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ನನಗೆ ನಂಬಿಕೆ ಬರುವುದಿಲ್ಲ. ಒಂದೇ ತೊಡಕನ್ನು ಹಿಡಿದುಕೊಂಡು ಕೂತವರಿಗೆ ಸಿಕ್ಕಿದ್ದು ಅದು. ಆದರೆ ಎಣಿಕೆಯಲ್ಲಿ ತಾವು ಅಷ್ಟು ದೊಡ್ಡ ಹೊಸತನ ಮಾಡಿದ್ದೇವೆಂದು ಆಗ ತಮಗೇ ಅನಿಸಿರಲಿಲ್ಲ ಎಂದು ಬೋಸ್ ಮುಂದೆ ಒಪ್ಪಿಕೊಂಡಿದ್ದಾರೆ. ಅದು ಅವರ ಪ್ರಾಮಾಣಿಕತೆ.

1924ರ ಜೂನ್ 4ರಂದು ಬೋಸ್ ಲೇಖನವನ್ನು ಒಂದು ಪತ್ರದ ಜೊತೆ ಬರ್ಲಿನ್‌ನಲ್ಲಿದ್ದ ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಆಗ ಲೋಕಪ್ರಸಿದ್ಧರು, ನೊಬೆಲ್ ಬಂದಾಗಿತ್ತು. ಬೋಸ್‌ಗೆ 30 ವರ್ಷ, ಪಿಎಚ್.ಡಿ. ಇಲ್ಲ, ಶಿಫಾರಸು ಮಾಡುವವರಿಲ್ಲ. ಲೇಖನಕ್ಕೆ ಬೆಲೆ ಇದೆ ಅನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಬರುವ ಹಾಗೆ ಮಾಡಿ, ಅನುವಾದಿಸುವಷ್ಟು ಜರ್ಮನ್ ನನಗೆ ಬರುವುದಿಲ್ಲ ಎನ್ನುವುದು ಪತ್ರದ ಸಾರ. ಪರಿಚಯವಿಲ್ಲದಿದ್ದರೂ ಕೇಳಲು ಸಂಕೋಚವಿಲ್ಲ, ಏಕೆಂದರೆ ನಿಮ್ಮ ಬರಹಗಳಿಂದ ಕಲಿತ ನಾವೆಲ್ಲ ನಿಮ್ಮ ಶಿಷ್ಯರೇ ಎಂಬ ಅರ್ಥದ ಮಾತೂ ಅದರಲ್ಲಿತ್ತು. ಐನ್‌ಸ್ಟೈನ್ ಓದಿದರು, ತಾವೇ ಜರ್ಮನ್‌ಗೆ ಅನುವಾದಿಸಿದರು, ಇದು ಮುಖ್ಯವಾದ ಹೆಜ್ಜೆ ಎಂದು ಟಿಪ್ಪಣಿ ಸೇರಿಸಿ ಅಚ್ಚಿಗೆ ಕೊಟ್ಟರು. ಅಚ್ಚಿನಲ್ಲಿ ಅದು ನಾಲ್ಕೇ ಪುಟ.

ಬೋಸ್‌ಗೆ ಐನ್‌ಸ್ಟೈನ್ ಒಂದು ಪೋಸ್ಟ್‌ಕಾರ್ಡ್ ಬರೆದರು. ಆ ಕಾರ್ಡಿನ ಮಹಿಮೆ ನೋಡಿ. ಯುರೋಪಿಗೆ ಹೋಗಲು ರಜೆ ಕೇಳಿದ್ದ ಬೋಸ್‌ಗೆ ವಿಶ್ವವಿದ್ಯಾಲಯ ಕೂಡಲೇ ಎರಡು ವರ್ಷದ ರಜೆ ಮಂಜೂರು ಮಾಡಿತು. ಜರ್ಮನ್ ಕಾನ್ಸುಲೇಟ್ ಕಾರ್ಡ್ ನೋಡಿ ಶುಲ್ಕವಿಲ್ಲದೆ ವೀಸಾ ಕೊಟ್ಟಿತು. ಮನುಷ್ಯ ಅದೇ, ಲೇಖನ ಅದೇ. ಹೊರಗಿನವರೊಬ್ಬರು ಸರಿ ಎಂದ ಮೇಲೆ ಮನೆಯವರಿಗೆ ಕಣ್ಣು ತೆರೆಯಿತು. ನೂರು ವರ್ಷ ಕಳೆದರೂ ನಮ್ಮಲ್ಲಿ ಈ ಅಭ್ಯಾಸ ಹೋಗಿಲ್ಲ ಎಂದು ನನಗನಿಸುತ್ತದೆ.

1924ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ತಲುಪಿದರು. ಮೇರಿ ಕ್ಯೂರಿ ಅವರ ಪ್ರಯೋಗಾಲಯ ಸೇರಬೇಕೆಂದು ಹೋದರೆ, ಮೊದಲು ಫ್ರೆಂಚ್ ಚೆನ್ನಾಗಿ ಕಲಿತು ಬಾ ಎಂದು ಆಕೆ ಇಂಗ್ಲಿಷಿನಲ್ಲಿ ವಿವರಿಸಿ ಹೇಳಿದರು. ಬೋಸ್‌ಗೆ ಫ್ರೆಂಚ್ ಬರುತ್ತಿತ್ತು. ಅದನ್ನು ಹೇಳಲು ಸಂಕೋಚಪಟ್ಟು ಸುಮ್ಮನೆ ಎದ್ದು ಬಂದರು. ಐನ್‌ಸ್ಟೈನ್‌ಗೆ ಧೈರ್ಯವಾಗಿ ಪತ್ರ ಬರೆದ ಮನುಷ್ಯ ಎದುರಿಗೆ ಕೂತಾಗ ಬಾಯಿ ಬಿಡಲಿಲ್ಲ. ಇಂಟರ್‌ವ್ಯೂ ಎಂದರೆ ನಾಲಿಗೆ ಒಣಗುವ ನಮ್ಮಂಥವರಿಗೆ ಇದೊಂದು ಸಮಾಧಾನ. ಪ್ಯಾರಿಸ್‌ನಲ್ಲಿ ಎಕ್ಸ್‌ರೇ ಪ್ರಯೋಗಗಳನ್ನು ಕಲಿತು, 1925ರ ಶರತ್ಕಾಲದಲ್ಲಿ ಬರ್ಲಿನ್‌ಗೆ ಹೋಗಿ ಐನ್‌ಸ್ಟೈನ್‌ರನ್ನು ಕಂಡರು. 1926ರಲ್ಲಿ ಢಾಕಾಕ್ಕೆ ವಾಪಸ್.

ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಲು ಡಾಕ್ಟರೇಟ್ ಇರಲಿಲ್ಲ. ಗೆಳೆಯರ ಒತ್ತಾಯಕ್ಕೆ ಐನ್‌ಸ್ಟೈನ್ ಅವರಿಂದ ಶಿಫಾರಸು ಪತ್ರ ತರಿಸಿದರು. ಆದರೂ ಹುದ್ದೆ ಮೊದಲು ಹೋದದ್ದು ಇನ್ನೊಬ್ಬರಿಗೆ. ಅವರು ಬೇಡವೆಂದ ಮೇಲೆ ಬೋಸ್‌ಗೆ ಬಂತು. ಕೊನೆವರೆಗೂ ಅವರು ಪಿಎಚ್.ಡಿ. ಮಾಡಲಿಲ್ಲ.

ಇನ್ನು ಒಂದು ಮಾತು. ಬೋಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1924ರ ಪತ್ರದಲ್ಲೇ ನಿಂತು ಕೈಮುಗಿದುಬಿಡುತ್ತಾರೆ. ಅವರ ಎರಡನೇ ಲೇಖನವನ್ನೂ ಐನ್‌ಸ್ಟೈನ್ ಅನುವಾದಿಸಿದರು, ಆದರೆ ಇದನ್ನು ತಾನು ಒಪ್ಪುವುದಿಲ್ಲ ಎಂದು ಅದರ ಕೆಳಗೇ ಬರೆದರು. ಆಮೇಲೆ ಬೋಸ್ ಪ್ರಕಟಿಸಿದ್ದು ಕಡಿಮೆ. ಜೀವಮಾನದ ಲೇಖನಗಳೆಲ್ಲ ಸೇರಿದರೆ ಎರಡು ಡಜನ್ ಆಸುಪಾಸು. ಢಾಕಾದಲ್ಲಿ ಪ್ರಯೋಗಾಲಯ ಕಟ್ಟಿದರು, ಉಪಕರಣ ಮಾಡಿಸಿದರು, ರಸಾಯನಶಾಸ್ತ್ರದವರ ಕೆಲಸದಲ್ಲೂ ಕೈಹಾಕಿದರು, ವಿದ್ಯಾರ್ಥಿಗಳಿಗೆ ಬಾಗಿಲು ತೆರೆದೇ ಇಟ್ಟರು. ಲೆಕ್ಕ ಬಿಡಿಸುತ್ತಾರೆ, ಚೀಟಿ ಬಿಸಾಡುತ್ತಾರೆ. ಎಸ್ರಾಜ್ ನುಡಿಸುತ್ತಾರೆ. ಇಂದಿನ ಲೆಕ್ಕದಲ್ಲಿ ಅವರ ಪಬ್ಲಿಕೇಶನ್ ಸ್ಕೋರ್ ನೋಡಿದರೆ ಪ್ರಮೋಶನ್ ಸಿಗುವುದೇ ಅನುಮಾನ.

ಆದರೆ ಅವರ ನಾಲ್ಕು ಪುಟ ಅಲ್ಲಿಗೆ ನಿಲ್ಲಲಿಲ್ಲ. ಬೆಳಕಿಗೆ ಹೊಂದುವ ಎಣಿಕೆ ಪರಮಾಣುಗಳಿಗೂ ಹೊಂದಬೇಕಲ್ಲ ಎಂದು ಐನ್‌ಸ್ಟೈನ್ ಮುಂದೆ ಹೋದರು. ಒಂದು ಅನಿಲವನ್ನು ತಣ್ಣಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಪರಮಾಣುಗಳು ದಂಡುದಂಡಾಗಿ ಅತ್ಯಂತ ಕೆಳಗಿನ ಒಂದೇ ಸ್ಥಿತಿಗೆ ಬಂದು ಬೀಳಬೇಕು ಎಂದು 1925ರಲ್ಲಿ ಹೇಳಿದರು. ಜಾತ್ರೆಯ ಗದ್ದಲದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅದೇ ಜನ ಭಜನೆಗೆ ಕೂತಾಗ ತಾಳ ಒಂದಾಗುತ್ತದೆ. ಹೆಚ್ಚುಕಡಿಮೆ ಹಾಗೆ. ಬೋಸ್-ಐನ್‌ಸ್ಟೈನ್ ಸಾಂದ್ರಿತ ಎನ್ನುವುದು ಇದನ್ನೇ. ಕಾಗದದ ಮೇಲಿನ ಈ ಮಾತು ಕಣ್ಣಿಗೆ ಕಾಣಲು 70 ವರ್ಷ ಬೇಕಾಯಿತು. ತಣ್ಣಗೆ ಮಾಡುವುದು ಅಷ್ಟು ಕಷ್ಟ. ಮೊದಲು ಲೇಸರ್ ಬೆಳಕಿನಿಂದ ಪರಮಾಣುಗಳ ಓಟವನ್ನು ತಡೆಯಬೇಕು. ಆಮೇಲೆ ಬಿಸಿ ಚಾ ಬಸಿಗೆ ಸುರಿದಾಗ ಹಬೆ ಹಾರಿ ಉಳಿದದ್ದು ಆರುವಂತೆ, ಹೆಚ್ಚು ಓಡುವ ಪರಮಾಣುಗಳನ್ನು ಹೊರಗೆ ಬಿಟ್ಟು ಉಳಿದವನ್ನು ಆರಿಸಬೇಕು. 1995ರ ಜೂನ್ 5ರಂದು ಅಮೆರಿಕದ ಬೌಲ್ಡರ್‌ನಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಸುಮಾರು 2,000 ರುಬಿಡಿಯಂ ಪರಮಾಣುಗಳಲ್ಲಿ ಅದನ್ನು ಮಾಡಿ ತೋರಿಸಿದರು. ಉಷ್ಣತೆ 170 ನ್ಯಾನೊ ಕೆಲ್ವಿನ್. ಅಂದರೆ ಒಂದು ಡಿಗ್ರಿಯನ್ನು ಒಂದು ಕೋಟಿ ಚೂರು ಮಾಡಿದರೆ, ಮೈನಸ್ 273.15 ಡಿಗ್ರಿ ಎಂಬ ಕಟ್ಟಕಡೆಯ ಚಳಿಗಿಂತ ಎರಡು ಚೂರೂ ಮೇಲಿಲ್ಲ. ಬೋಸ್ ಪತ್ರ ಬರೆದ ದಿನದಿಂದ ಲೆಕ್ಕ ಹಾಕಿದರೆ 71 ವರ್ಷ, ಒಂದು ದಿನ.

ಈಗ ನನ್ನ ಸೆಮಿನಾರ್‌ನ ಕನ್ನಡಿಗಳ ವಿಷಯಕ್ಕೆ ಬರುತ್ತೇನೆ. ಕಟಿಂಗ್ ಅಂಗಡಿಯಲ್ಲಿ ಮುಂದೊಂದು ಹಿಂದೊಂದು ಕನ್ನಡಿ ಇರುತ್ತದೆ. ನಡುವೆ ಕೂತರೆ ನಮ್ಮದೇ ತಲೆ ಸಾಲುಸಾಲಾಗಿ ಕಾಣುತ್ತದೆ, ಬೆಳಕು ಹೋಗಿ ಬಂದು ಮಾಡುತ್ತಿರುವುದರಿಂದ. ಆ ಕನ್ನಡಿಗಳನ್ನು ಅತ್ಯಂತ ನುಣುಪಾಗಿ ಮಾಡಿ ಹತ್ತಿರ ತಂದರೆ ಬೆಳಕಿನ ಒಂದೇ ಕಣ ಸಾವಿರಾರು ಸಲ ಓಡಾಡಿ ಆಮೇಲೆ ಹೊರಬೀಳುತ್ತದೆ. ಆ ಸಂದಿಯಲ್ಲಿ ತಣ್ಣನೆಯ ಪರಮಾಣುಗಳನ್ನು ಇಟ್ಟರೆ ಒಂದು ವಿಚಿತ್ರ ಶುರುವಾಗುತ್ತದೆ. ಬೆಳಕು ಪರಮಾಣುಗಳನ್ನು ತಳ್ಳುತ್ತದೆ. ಪರಮಾಣುಗಳು ಸರಿದ ಜಾಗಕ್ಕೆ ತಕ್ಕಂತೆ ಬೆಳಕು ಬದಲಾಗುತ್ತದೆ. ಬದಲಾದ ಬೆಳಕು ಮತ್ತೆ ಪರಮಾಣುಗಳನ್ನು ತಳ್ಳುತ್ತದೆ. 2010ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ಹೀಗೆ ಮಾಡಿ ಬದಿಯಿಂದ ಬಿಡುವ ಲೇಸರನ್ನು ಸ್ವಲ್ಪ ಸ್ವಲ್ಪ ಏರಿಸಿದರು. ಒಂದು ಮಿತಿ ದಾಟಿದ ಕೂಡಲೇ ಪರಮಾಣುಗಳು ತಾವಾಗಿಯೇ ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಮನೆಯಲ್ಲಿ ಕೂತವು. ಈ ಕೆಲಸ ನಡೆದದ್ದು ಐನ್‌ಸ್ಟೈನ್ ಓದಿದ ಇಟಿಎಚ್ ಸಂಸ್ಥೆಯಲ್ಲಿ. ಬೋಸ್ ಎಣಿಸಿದ ಬೆಳಕಿನ ಕಣ, ಐನ್‌ಸ್ಟೈನ್ ಎಣಿಸಿದ ಪರಮಾಣು ಎರಡೂ ಒಂದೇ ಗೂಡಿನಲ್ಲಿ.

ಟೋಪಾಲಜಿ ಎಂದರೆ ಇನ್ನೂ ಸುಲಭ, ಹೋಟೆಲ್‌ನಲ್ಲೇ ಕಲಿಯಬಹುದು. ಉದ್ದಿನ ವಡೆಗೆ ನಡುವೆ ತೂತು ಇರುತ್ತದೆ, ಮಿರ್ಚಿ ಭಜಿಗೆ ಇರುವುದಿಲ್ಲ. ವಡೆ ಸೊಟ್ಟಗಾಗಲಿ, ದಪ್ಪವಾಗಲಿ, ತೂತು ಒಂದೇ. ಅರ್ಧ ತೂತು, ಮುಕ್ಕಾಲು ತೂತು ಎಂಬುದಿಲ್ಲ. ಹರಿದರೆ ಮಾತ್ರ ಅದು ಹೋಗುತ್ತದೆ. ಕೆಲವು ವಸ್ತುಗಳ ಒಳಗಿನ ಕ್ವಾಂಟಂ ಸ್ಥಿತಿಗೂ ಇಂಥ ಒಂದು ಪೂರ್ಣಾಂಕ ಇರುತ್ತದೆ. ಸಣ್ಣಪುಟ್ಟ ಕೊಳೆ, ಅಲುಗಾಟದಿಂದ ಅದು ಬದಲಾಗುವುದಿಲ್ಲ. 2015ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಲೇಸರ್ ಬೆಳಕಿನ ಜಾಲರಿಯಲ್ಲಿ ಕೂರಿಸಿದ ರುಬಿಡಿಯಂ ಪರಮಾಣುಗಳಿಂದ ಆ ಅಂಕೆಯನ್ನು ಅಳೆದಾಗ 0.99 ಬಂತು. ಸಿದ್ಧಾಂತ ಹೇಳಿದ್ದು 1. ಇಂಥ ಸ್ಥಿತಿಯನ್ನು ಕನ್ನಡಿಗಳ ಗೂಡಿನೊಳಗೆ, ಬೆಳಕಿನ ಕೈಯಿಂದಲೇ ಮಾಡಿಸಬಹುದೇ, ಕನ್ನಡಿಯಿಂದ ಸೋರಿ ಹೊರಬರುವ ಬೆಳಕನ್ನು ನೋಡಿ ಒಳಗಿನದನ್ನು ಕೆಡಿಸದೆ ತಿಳಿಯಬಹುದೇ ಎನ್ನುವುದು ಈಗ ಹಲವರ ತಲೆ ತಿನ್ನುತ್ತಿರುವ ಪ್ರಶ್ನೆ. ಕ್ವಾಂಟಂ ಕಂಪ್ಯೂಟರಿನ ದೊಡ್ಡ ರೋಗ ಎಂದರೆ ಸಣ್ಣ ಅಲುಗಾಟಕ್ಕೂ ಲೆಕ್ಕ ಕೆಡುವುದು. ವಡೆಯ ತೂತಿನಂತೆ ಕೆಡದ ಸ್ಥಿತಿ ಸಿಕ್ಕರೆ ಅದಕ್ಕೊಂದು ಮದ್ದು ಸಿಕ್ಕೀತು ಎಂಬ ಆಸೆ.

ಕೆಲಸ ಹುಡುಕುವವರಿಗೆ ಇದರಿಂದ ಏನು ಎಂದು ಕೇಳಬಹುದು. ಕೇಂದ್ರ ಸರ್ಕಾರ 2023ರಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಲೇಸರ್‌ನಿಂದ ತಣ್ಣಗಾಗಿಸಿದ ಪರಮಾಣುಗಳ ಮೇಲೆ ಕೆಲಸ ನಡೆಯುತ್ತಿದೆ. ಲೇಸರ್, ನಿರ್ವಾತ, ಎಲೆಕ್ಟ್ರಾನಿಕ್ಸ್ ಎಲ್ಲ ಬೇಕು ಅದಕ್ಕೆ. ಎಂಜಿನಿಯರ್‌ಗಳು ಬೇಡವೆನ್ನುವ ಕ್ಷೇತ್ರವಲ್ಲ ಅದು.

ಬೋಸ್ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಮಾತ್ರ ಅವರ ಕೊನೆಯ ಮೂವತ್ತು ವರ್ಷ. 1945ರಲ್ಲಿ ಅವರು ಕಲ್ಕತ್ತಾಕ್ಕೆ ಮರಳಿದರು. 1948ರಲ್ಲಿ ವಂಗೀಯ ವಿಜ್ಞಾನ ಪರಿಷತ್ ಕಟ್ಟಿ, ಜ್ಞಾನ್ ಓ ವಿಜ್ಞಾನ್ ಎಂಬ ಬಂಗಾಳಿ ಮಾಸಪತ್ರಿಕೆ ತಂದರು. ಬಂಗಾಳಿಯಲ್ಲಿ ವಿಜ್ಞಾನ ಹೇಳಲು ಬರುವುದಿಲ್ಲ ಎನ್ನುವವರಿಗೆ ಒಂದೋ ಬಂಗಾಳಿ ಬರುವುದಿಲ್ಲ, ಇಲ್ಲವೇ ವಿಜ್ಞಾನ ಬರುವುದಿಲ್ಲ ಎನ್ನುವುದು ಅವರ ಅಭಿಪ್ರಾಯವಾಗಿತ್ತು. 1963ರಲ್ಲಿ ಆ ಪತ್ರಿಕೆಯ ಒಂದು ಸಂಚಿಕೆಯನ್ನು ಪೂರ್ತಿ ಸಂಶೋಧನಾ ಲೇಖನಗಳಿಂದಲೇ, ಬಂಗಾಳಿಯಲ್ಲೇ ತುಂಬಿಸಿ ತೋರಿಸಿದರು. ಜಪಾನಿಗೆ ಹೋಗಿ ಬಂದ ಮೇಲೆ, ಅಲ್ಲಿನ ವಿಜ್ಞಾನಿಗಳು ತಮ್ಮ ಭಾಷೆಯಲ್ಲೇ ಚರ್ಚೆ ಮಾಡುವುದನ್ನು ಎಲ್ಲೆಡೆ ಹೇಳುತ್ತಿದ್ದರು. ರವೀಂದ್ರನಾಥ ಟ್ಯಾಗೋರರು 1937ರಲ್ಲಿ ವಿಶ್ವಪರಿಚಯ ಎಂಬ ವಿಜ್ಞಾನ ಪುಸ್ತಕ ಬರೆದಾಗ ಅದನ್ನು ಅರ್ಪಿಸಿದ್ದು ಬೋಸ್‌ಗೆ.

ಇದು ನನಗೆ ಪುಸ್ತಕದ ಮಾತಲ್ಲ. ನಾನು ಔರಾದ್ ತಾಲ್ಲೂಕಿನ ಹಳ್ಳಿಯವನು. ನಮ್ಮಲ್ಲಿ ಕೆಲವರ ಮನೆಯಲ್ಲಿ ಮರಾಠಿ, ಕೆಲವರ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ನಮ್ಮ ಮುತ್ತಜ್ಜ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತವರು. ಆಗ ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿ ಹೇಳುತ್ತಿದ್ದರು, ಪುಸ್ತಕ ಅನುವಾದಿಸಲೆಂದೇ ಒಂದು ವಿಭಾಗವಿತ್ತು. ದೇಶಭಾಷೆಯಲ್ಲಿ ವಿಜ್ಞಾನ ಆಗುತ್ತದೆ ಎಂದು ತೋರಿಸಿದ ಪ್ರಯತ್ನ ಅದು. ಆದರೆ ಕನ್ನಡ, ಮರಾಠಿ, ತೆಲುಗು ಮನೆಗಳ ಮಕ್ಕಳಿಗೆ ಅದೂ ಇನ್ನೊಬ್ಬರ ಭಾಷೆಯೇ.

ಹತ್ತನೇ ತರಗತಿಯವರೆಗೆ ನಾನು ವೇಗೋತ್ಕರ್ಷ, ಸಂವೇಗ, ವಕ್ರೀಭವನ ಎಂದು ಓದಿದವನು. ಪಿಯುಸಿಗೆ ಬೀದರ್‌ಗೆ ಬಂದ ಮೊದಲ ವಾರ ಅವೇ ಮೂರು ಆಕ್ಸಿಲರೇಶನ್, ಮೊಮೆಂಟಮ್, ರಿಫ್ರ್ಯಾಕ್ಷನ್ ಆಗಿ ಎದುರಿಗೆ ನಿಂತವು. ನಾನು ಹೇಗೋ ದಾಟಿದೆ. ನಮ್ಮ ಶಾಲೆಯಲ್ಲಿ ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ ಗೆಳೆಯ ಮೂರು ತಿಂಗಳಿಗೆ ವಿಜ್ಞಾನ ಬಿಟ್ಟ. ಈಗ ಹೈದರಾಬಾದ್‌ನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ. ಹೋದ ದೀಪಾವಳಿಗೆ ಬಂದಾಗ ನಾಣ್ಯದ ಎಣಿಕೆಯನ್ನು ಅವನಿಗೆ ಹೇಳಿದೆ. ನಾಲ್ಕು ಹೇಗೆ ಮೂರಾಗುತ್ತದೆ ಎಂದು ಎರಡು ನಿಮಿಷದಲ್ಲಿ ಹಿಡಿದ. ಮೂರು ನಾಣ್ಯ ಆದರೆ ಎಂಟರ ಬದಲು ನಾಲ್ಕಾಗುತ್ತದಲ್ಲ ಎಂದು ನಾನು ಹೇಳುವ ಮೊದಲೇ ಅವನೇ ಹೇಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೋಸ್ ಇಂಗ್ಲಿಷ್ ಬೇಡ ಎಂದವರಲ್ಲ. 1924ರ ಲೇಖನ ಬರೆದದ್ದು ಇಂಗ್ಲಿಷಿನಲ್ಲಿ, ಓದುತ್ತಿದ್ದದ್ದು ಜರ್ಮನ್, ಫ್ರೆಂಚ್. ಹೊರಗಿನ ಭಾಷೆಗಳಿಂದ ತರುವುದು, ಮನೆಯ ಭಾಷೆಯಲ್ಲಿ ಹಂಚುವುದು, ಎರಡನ್ನೂ ಮಾಡಿದರು. ಆಂಗ್ಲ ಮಾಧ್ಯಮವೋ ಕನ್ನಡ ಮಾಧ್ಯಮವೋ ಎಂದು ನಮ್ಮಲ್ಲಿ ನಡೆಯುವ ಜಗಳದಲ್ಲಿ ಈ ಎರಡನೇ ಕೆಲಸ ಮಾಡುವವರು ಸಿಗುವುದೇ ಕಡಿಮೆ.

ಮರ್ಯಾದೆಗಳು ತಡವಾಗಿಯಾದರೂ ಬಂದವು. 1945ರಲ್ಲಿ ಡಿರಾಕ್ ಈ ಬಗೆಯ ಕಣಗಳಿಗೆ ಬೋಸಾನ್ ಎಂದು ಹೆಸರಿಟ್ಟರು. 1952ರಲ್ಲಿ ಬೋಸ್ ರಾಜ್ಯಸಭೆಯ ನಾಮಕರಣ ಸದಸ್ಯರಾದರು. 1954ರಲ್ಲಿ ಪದ್ಮವಿಭೂಷಣ, 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ, 1959ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕ. ನೊಬೆಲ್‌ಗೆ ಹಲವು ಬಾರಿ ಹೆಸರು ಹೋಗಿತ್ತು, ಬರಲಿಲ್ಲ. ಅವರ ಎಣಿಕೆಯ ಮೇಲೆ ನಿಂತ ಸಾಂದ್ರಿತಕ್ಕೆ 2001ರಲ್ಲಿ ಕಾರ್ನೆಲ್, ವೀಮನ್, ಕೆಟರ್ಲೆ ಅವರಿಗೆ ಬಂತು. ಇದರ ಬಗ್ಗೆ ನಾವು ಸಿಟ್ಟಾಗುವಷ್ಟು ಬೋಸ್ ಸಿಟ್ಟಾದಂತೆ ಕಾಣುವುದಿಲ್ಲ. 1974ರ ಜನವರಿಯಲ್ಲಿ ಅವರಿಗೆ 80 ತುಂಬಿತು. ಫೆಬ್ರುವರಿ 4ರಂದು ಕಲ್ಕತ್ತಾದಲ್ಲಿ ತೀರಿಕೊಂಡರು.

ಭಾಲ್ಕಿಯ ನನ್ನ ರೂಮ್‌ಮೇಟ್ ಮತ್ತು ನಾನು ಸೇರಿ ಪಿಯುಸಿ ಭೌತಶಾಸ್ತ್ರದ ಪಾಠಗಳನ್ನು ಕನ್ನಡದಲ್ಲಿ ಬರೆಯತೊಡಗಿದ್ದೇವೆ. ಎಡಗಡೆ ಪುಟದಲ್ಲಿ ಕನ್ನಡ, ಬಲಗಡೆ ಅದೇ ವಿಷಯದ ಇಂಗ್ಲಿಷ್. ಝೆರಾಕ್ಸ್ ಮಾಡಿಸಿ ನಮ್ಮ ಎರಡೂ ಊರಿನ ಹತ್ತನೇ ತರಗತಿ ಮುಗಿಸಿದ ಹುಡುಗರಿಗೆ, ಹುಡುಗಿಯರಿಗೆ ಕೊಡುತ್ತಿದ್ದೇವೆ. ಮೂರು ಪಾಠ ಮುಗಿದಿವೆ. ಕೊನೆಯಲ್ಲಿ ತಣ್ಣನೆಯ ಪರಮಾಣುಗಳ ಬಗ್ಗೆ ಎರಡು ಪುಟ ಸೇರಿಸಬೇಕೆಂದು ನನ್ನ ಹಟ. ಆಪ್ಟಿಕಲ್ ಕ್ಯಾವಿಟಿಗೆ ಕನ್ನಡದಲ್ಲಿ ಏನು ಬರೆಯುವುದು ಎಂಬುದರಲ್ಲಿ ಮಾತ್ರ ಇನ್ನೂ ಒಮ್ಮತವಿಲ್ಲ. ಅವನು ದ್ಯುತಿಕುಹರ ಎನ್ನುತ್ತಾನೆ, ನಾನು ಕನ್ನಡಿಗೂಡು ಎನ್ನುತ್ತೇನೆ.